ಬೆಳಗೋಡಿನ ಮುಗಿಯದ ಕಾರು

ಮಲೆನಾಡಿನ ಮನೆಗಳಲ್ಲಿ ಹಳೆಯ ಸಾಮಾನನ್ನು ಎಸೆಯುವ ವಾಡಿಕೆ ಕಡಿಮೆ. ತೂತುಬಿದ್ದ ಹಂಡೆ, ಹಲ್ಲು ಸವೆದ ಪಲ್ಪರ್ ಚಕ್ರ, ಅಜ್ಜನ ಕಾಲದ ನೊಗ, ಎಲ್ಲಕ್ಕೂ ಅಟ್ಟದ ಮೇಲೋ ಕೊಟ್ಟಿಗೆಯ ಮೂಲೆಯಲ್ಲೋ ಒಂದು ಜಾಗವಿದ್ದೇ ಇರುತ್ತದೆ. 'ಎಂದಾದರೂ ಬೇಕಾದೀತು' ಎಂಬ ಒಂದು ಮಾತಿನ ಬಲದಿಂದ ಅವು ಎರಡು ಮೂರು ತಲೆಮಾರು ಬದುಕಿಕೊಳ್ಳುತ್ತವೆ. ಬೆಳಗೋಡಿನ ಸಮೀಪದ ನನ್ನ ಸೋದರಮಾವನ ತೋಟದಲ್ಲಿ, ಕಾಫಿ ಕಣದ ಪಕ್ಕದ ಹೆಂಚಿನ ಕೊಟ್ಟಿಗೆಯೊಳಗೆ, ಹೀಗೆ ಬದುಕಿಕೊಂಡು ಬಂದದ್ದು ಒಂದು ಮೋಟಾರು ಕಾರು.

ಕಾರು ಎಂದರೆ ಮಾತು ಸ್ವಲ್ಪ ದೊಡ್ಡದಾಯಿತು. 1936ನೆಯ ಇಸವಿಯ ಫೋರ್ಡ್ ವಿ-8 ಅದು, ಅಥವಾ ಅದರಲ್ಲಿ ಉಳಿದಷ್ಟು. ಮುಂದಿನ ಎರಡು ಮಡ್‌ಗಾರ್ಡುಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದೆ. ಬಾನೆಟ್ಟಿನ ಕೆಳಗೆ ಮೆಟಾಡೋರ್ ವ್ಯಾನಿನ ಡೀಸೆಲ್ ಎಂಜಿನ್ನು ಕುಳಿತಿದೆ. ಕುಳಿತಿದೆಯೇ ಹೊರತು ಒಂದು ದಿನವೂ ಓಡಿಲ್ಲ. ಕಾರಿನ ಸ್ವಂತ ಎಂಜಿನ್ನು ಮರದ ಅಡ್ಡೆಯ ಮೇಲೆ, ಗೋಣಿಚೀಲ ಹೊದ್ದುಕೊಂಡು, ಪಕ್ಕದಲ್ಲೇ ಮಲಗಿದೆ. ಬಾಲ್ಯದಲ್ಲಿ ನಾವು ಮಕ್ಕಳು ಅದರ ಸ್ಟೇರಿಂಗ್ ಹಿಡಿದು ಬಾಯಲ್ಲೇ ಸದ್ದು ಮಾಡುತ್ತ ಮಂಗಳೂರಿಗೆ ಹೋಗಿ ಬಂದದ್ದಕ್ಕೆ ಲೆಕ್ಕವಿಲ್ಲ.

ಕಳೆದ ಮಳೆಗಾಲದ ಕೊನೆಯಲ್ಲಿ ಮಾವ ನನ್ನನ್ನು ಕರೆಸಿಕೊಂಡರು. ಅವರಿಗೆ ಎಪ್ಪತ್ತೈದು ದಾಟಿದೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ. "ಅದನ್ನ ಮಾರಿಬಿಡೋಣ ಅಂತ ಮಾಡಿದೀನಿ. ನೀನು ಕನ್ನಡ ಮೇಷ್ಟ್ರಲ್ವಾ, ಒಂದು ನಾಲ್ಕು ಸಾಲು ಬರೆದುಕೊಡು ಮಾರಾಯ. ನೋಡಿದೋರು ಬಂದು ಕೇಳೋ ಹಾಗಿರಬೇಕು," ಎಂದರು. ನಾಲ್ಕು ಸಾಲು ತಾನೆ, ಸಂಜೆಯೊಳಗೆ ಮುಗಿದೀತೆಂದು ಒಪ್ಪಿಕೊಂಡೆ. ಅದು ಮುಗಿಯಲು ಒಂದು ತಿಂಗಳು ಹಿಡಿಯಿತು. ಏನನ್ನು ಮಾರುತ್ತಿದ್ದೇವೆ ಎಂಬುದು ತಿಳಿಯದೆ ಮಾರಾಟದ ಒಕ್ಕಣೆ ಬರೆಯುವುದು ಹೇಗೆ? ಆ ಕಾರಿನ ಪೂರ್ವೋತ್ತರವನ್ನು ಕೆದಕುತ್ತ ಹೋದಂತೆ, ಬೆಳಗೋಡಿನ ಕೊಟ್ಟಿಗೆಯಿಂದ ಹೊರಟ ದಾರಿ ಅಮೆರಿಕದ ಮರುಭೂಮಿಯವರೆಗೂ, ಮೈಸೂರಿನ ದಿವಾನರ ಕಚೇರಿಯವರೆಗೂ ಎಳೆದುಕೊಂಡು ಹೋಯಿತು.

ಮೊದಲು ಕಾರು ಇಲ್ಲಿಗೆ ಬಂದ ಬಗೆಯನ್ನು ಹೇಳಬೇಕು. ಇಂದಿನ ಸಕಲೇಶಪುರ ತಾಲ್ಲೂಕು ಹಿಂದೆ ಮಂಜರಾಬಾದ್ ಎನಿಸಿಕೊಂಡಿತ್ತು. ಟಿಪ್ಪು 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆ ಘಟ್ಟದ ದಾರಿಯನ್ನು ಕಾಯುತ್ತ ಇಂದಿಗೂ ಅಲ್ಲಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ಬೆಟ್ಟಗಳಿಗೆ ಬಿಳಿಯ ತೋಟಗಾರರು ಬಂದರು. ಅವರಲ್ಲೊಬ್ಬನಾದ ರಾಬರ್ಟ್ ಎಲಿಯಟ್ ಮಂಜರಾಬಾದಿನ ತೋಟದ ಬದುಕನ್ನು ಕುರಿತು 1871ರಲ್ಲಿ ಒಂದು, 1894ರಲ್ಲಿ ಇನ್ನೊಂದು ಪುಸ್ತಕವನ್ನು ಅಚ್ಚುಹಾಕಿಸಿದ. ಬೆಳೆದ ಕಾಫಿಯನ್ನು ಘಟ್ಟ ಇಳಿಸಿ ಮಂಗಳೂರಿಗೆ ಸಾಗಿಸುವುದೇ ಅಂದಿನ ದೊಡ್ಡ ಕಷ್ಟ. ಎತ್ತಿನ ಗಾಡಿಯೇ ಗತಿ. ಹಾಸನದಿಂದ ಮಂಗಳೂರಿಗೆ ರೈಲು ಹಾದಿ ಪೂರ್ಣವಾದದ್ದು 1979ರಲ್ಲಿ ಎಂದರೆ, ಅದಕ್ಕೆ ಹಿಂದಿನ ನೂರಿಪ್ಪತ್ತು ವರ್ಷ ಈ ಬೆಟ್ಟಗಳ ಬಾಳು ರಸ್ತೆಯನ್ನೇ ನಂಬಿಕೊಂಡಿತ್ತು ಎಂಬುದು ತಿಳಿಯುತ್ತದೆ. ಇಂಥ ಕಡೆ ಮೋಟಾರು ಕಾರು ಬರಿಯ ಶೋಕಿಯ ವಸ್ತುವಾಗಿರಲಿಲ್ಲ. ರಾತ್ರಿ ಹೊತ್ತು ಬಾಣಂತಿಯನ್ನು ಆಸ್ಪತ್ರೆಗೆ ಸಾಗಿಸಲು, ವಾರದ ಬಟವಾಡೆಗೆ ಪೇಟೆಯಿಂದ ಹಣ ತರಲು ಅದು ಬೇಕೇ ಬೇಕಾಗಿತ್ತು.

ಫೋರ್ಡ್ ಕಂಪೆನಿ 1926ರಲ್ಲಿ ಭಾರತದ ಶಾಖೆಯನ್ನು ತೆರೆದು, ಹೊರಗಿನಿಂದ ಬಿಡಿಭಾಗಗಳನ್ನು ತರಿಸಿ ಬಂದರು ಪಟ್ಟಣಗಳಲ್ಲಿ ಕಾರು ಜೋಡಿಸತೊಡಗಿತು. 1928ರಲ್ಲಿ ಜನರಲ್ ಮೋಟಾರ್ಸ್ ಮುಂಬಯಿಯಲ್ಲಿ ಅದೇ ಕೆಲಸ ಆರಂಭಿಸಿತು. 1932ರಲ್ಲಿ ಹೆನ್ರಿ ಫೋರ್ಡ್ ತನ್ನ ವಿ-8 ಎಂಜಿನ್ನನ್ನು ಹೊರತಂದ. ಎರಡು ಸಾಲು, ಸಾಲಿಗೆ ನಾಲ್ಕರಂತೆ ಎಂಟು ಸಿಲಿಂಡರು. ಎಂಟನ್ನೂ ಸೇರಿಸಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದು ಅವನ ಸಾಹಸ. ಅದಕ್ಕೆ ಮುನ್ನ ಎಂಟು ಸಿಲಿಂಡರಿನ ಎಂಜಿನ್ನೆಂದರೆ ಸಿರಿವಂತರ ಕಾರಿಗೆ ಮೀಸಲು. ಫೋರ್ಡ್ ಅದನ್ನು ಸಾಮಾನ್ಯನ ಕೈಗೆ ಎಟುಕಿಸಿದ. 1936ರ ಮಾದರಿಗೆ 85 ಕುದುರೆಗಳ ಶಕ್ತಿ. ಘಟ್ಟ ಹತ್ತುವವರಿಗೆ ಇನ್ನೇನು ಬೇಕು?

ಒಂದು ದೋಷ ಮಾತ್ರ ಇತ್ತು. ಸುಟ್ಟ ಹೊಗೆ ಹೊರಬರುವ ದಾರಿ ಎಂಜಿನ್ನಿನ ಮೈಯೊಳಗಿನಿಂದಲೇ ಹಾಯುತ್ತಿದ್ದುದರಿಂದ ಅದು ಬೇಗ ಕಾಯುತ್ತಿತ್ತು. ಶಿರಾಡಿ ಘಟ್ಟ ಹತ್ತುವಾಗ ಎರಡು ಕಡೆ ನಿಲ್ಲಿಸಿ, ಹಳ್ಳದ ನೀರು ತಂದು ರೇಡಿಯೇಟರಿಗೆ ಹೊಯ್ಯುತ್ತಿದ್ದರೆಂದು ನನ್ನ ತಾಯಿ ಹೇಳುತ್ತಿದ್ದರು. ಅದಕ್ಕೆಂದೇ ಹಿಂದಿನ ಸೀಟಿನ ಕೆಳಗೆ ಒಂದು ತಾಮ್ರದ ಕೊಡ ಇರುತ್ತಿತ್ತಂತೆ. ಆ ಕೊಡ ಈಗಲೂ ಮಾವನ ಮನೆಯ ಬಚ್ಚಲಲ್ಲಿದೆ.

ಸ್ವಾತಂತ್ರ್ಯ ಬಂದ ಮೇಲೆ ಬಿಳಿಯ ತೋಟಗಾರರು ಒಬ್ಬೊಬ್ಬರಾಗಿ ತೋಟ ಮಾರಿ ಹೊರಟರು. ಹಾಗೆ ಹೊರಟ ಒಬ್ಬ ದೊರೆಯಿಂದ 1950ರ ದಶಕದ ಮೊದಲಲ್ಲಿ ನನ್ನ ಅಜ್ಜ ಈ ಕಾರನ್ನು ಕೊಂಡುಕೊಂಡರು. ಕೊಂಡ ಗಳಿಗೆ ಅಷ್ಟು ಒಳ್ಳೆಯದಾಗಿರಲಿಲ್ಲ. ಇಲ್ಲೇ ಭಾಗಗಳನ್ನು ತಯಾರಿಸುವ ಯೋಜನೆಯಿಲ್ಲದೆ ಬರಿಯ ಜೋಡಣೆ ಮಾಡುವ ಕಂಪೆನಿಗಳಿಗೆ ಸರ್ಕಾರ ಅವಕಾಶ ನಿಲ್ಲಿಸಿತು. ಆ ದಶಕದ ನಡುವಿನ ಹೊತ್ತಿಗೆ ಫೋರ್ಡ್, ಜನರಲ್ ಮೋಟಾರ್ಸ್ ಎರಡೂ ಬಾಗಿಲು ಹಾಕಿದವು. ಬಿಡಿಭಾಗ ಬರುವುದು ನಿಂತಿತು. ಸವೆದ ಬೇರಿಂಗಿಗೆ ಬದಲು ಹಾಸನದ ಲೇತಿನವರು ತಿರುವಿ ಕೊಟ್ಟದ್ದು, ಮುರಿದ ಪಾಟಾಕ್ಕೆ ಲಾರಿಯ ಪಾಟಾ ಕೊಯ್ದು ಹಾಕಿದ್ದು, ಹೀಗೆ ಹದಿನೈದು ವರ್ಷ ನಡೆಯಿತು. ಒಂದು ಮಳೆಗಾಲ ಕೊಟ್ಟಿಗೆಗೆ ಸೇರಿದ ಕಾರು ಮತ್ತೆ ಹೊರಗೆ ಬರಲಿಲ್ಲ.

ಇಲ್ಲಿ ನಾವು ಮರೆತ ಒಂದು ಕಥೆಯಿದೆ. ಮೈಸೂರಿನಲ್ಲೇ ಕಾರು ತಯಾರಾಗಬೇಕಾಗಿತ್ತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟು ಹದಿನೇಳು ವರ್ಷಗಳಾಗಿದ್ದಾಗ, 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಯೂರೋಪು ಅಮೆರಿಕಗಳಿಗೆ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿಕೊಂಡು ಬಂದರು. ಬಂದವರು ಸುಮ್ಮನಿರಲಿಲ್ಲ, ಯೋಜನೆಯನ್ನು ಬರೆದು ಸಿದ್ಧಪಡಿಸಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅದನ್ನು ಕೈಗೆತ್ತಿಕೊಂಡು, 1940ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರ ಬೆಂಬಲಕ್ಕೆ ನಿಂತಿತು. ಅಡ್ಡ ಬಂದದ್ದು ದಿಲ್ಲಿ. ಕಾರಿನ ಕಾರ್ಖಾನೆ ಯುದ್ಧಪ್ರಯತ್ನಕ್ಕೆ ಸೇರುವುದಿಲ್ಲವೆಂದು ಬ್ರಿಟಿಷ್ ಸರ್ಕಾರ ಕೈಯೆತ್ತಿತು. ವಿಮಾನಕ್ಕೆ ಅಡ್ಡಿಯಿರಲಿಲ್ಲ. ಅದೇ ವಾಲ್‌ಚಂದರು ಅದೇ ಮೈಸೂರು ಸರ್ಕಾರದೊಡನೆ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಕಾರಿನ ಕನಸು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ ಮುಂಬಯಿಗೆ ಹೋಯಿತು. ನಮ್ಮ ಪಾಲಿಗೆ ಅದು ಮುಗಿಯದ ಕಾರು.

ಅಂದು ಆ ಕಾರ್ಖಾನೆ ಎದ್ದಿದ್ದರೆ ಅಜ್ಜನ ಫೋರ್ಡು ಓಡುತ್ತಿತ್ತೆಂದು ನಾನು ಹೇಳುವುದಿಲ್ಲ. ಆದರೆ ಕಾರಿನೊಡನೆ ನಮ್ಮ ನಂಟು ಬೇರೆಯಾಗುತ್ತಿತ್ತು. ಕಾರನ್ನು ತಯಾರಿಸದ ನಾಡು ಅದನ್ನು ಪೂಜಿಸುತ್ತದೆ. ಆಯುಧಪೂಜೆಯ ದಿನ ಅರಿಶಿನ ಕುಂಕುಮ ಹಚ್ಚಿ, ಒಂದು ಮೊಳೆಯನ್ನೂ ಕಳೆಯದಂತೆ ಕಾಯುತ್ತದೆ. ಕಾರು ರಾಶಿರಾಶಿಯಾಗಿ ಬಿದ್ದಿರುವ ನಾಡಿನಲ್ಲಿ ಹುಡುಗರು ಅದನ್ನು ಕೊಯ್ಯುತ್ತಾರೆ.

ಅಮೆರಿಕದಲ್ಲಿ ಆದದ್ದು ಅದೇ. ಫೋರ್ಡಿನ ಟಿ ಮಾದರಿ 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾಯಿತು. ಹತ್ತು ಹದಿನೈದು ವರ್ಷದಲ್ಲಿ ಅವು ಹಳತಾಗಿ ಗುಜರಿಯ ಬೆಲೆಗೆ ಇಳಿದವು. ಕ್ಯಾಲಿಫೋರ್ನಿಯದ ಹುಡುಗರು ಅವನ್ನು ಕೊಂಡು, ಮಡ್‌ಗಾರ್ಡು ಕಿತ್ತು, ಮಾಡು ತಗ್ಗಿಸಿ, ಭಾರವನ್ನೆಲ್ಲ ಇಳಿಸಿ, ವಿ-8 ಎಂಜಿನ್ನು ಸಿಕ್ಕರೆ ಅದನ್ನು ಕೂರಿಸಿ, ಮುರೋಕ್ ಎಂಬ ಒಣಗಿದ ಕೆರೆಯ ಬಯಲಿನಲ್ಲಿ ವೇಗದ ಪರೀಕ್ಷೆ ಮಾಡತೊಡಗಿದರು. 1937ರಲ್ಲಿ ಅವರ ಸಂಘಗಳೆಲ್ಲ ಸೇರಿ, ಕಾಲ ಅಳೆಯುವುದಕ್ಕೆ ಒಂದು ಒಕ್ಕೂಟವಾಯಿತು. ಎರಡನೆಯ ಮಹಾಯುದ್ಧದಿಂದ ಮರಳಿದ ಯುವಕರು ಸೈನ್ಯದಲ್ಲಿ ಕಲಿತ ಯಂತ್ರವಿದ್ಯೆಯನ್ನು ಇದಕ್ಕೆ ಸುರಿದರು. 'ಹಾಟ್ ರಾಡ್' ಎಂಬ ಹೆಸರು ಬಳಕೆಗೆ ಬಂದದ್ದೂ ಯುದ್ಧ ಮುಗಿಯುವ ಹೊತ್ತಿಗೆ. 1948ರ ಜನವರಿಯಲ್ಲಿ ಅದೇ ಹೆಸರಿನ ಮಾಸಪತ್ರಿಕೆಯೂ ಲಾಸ್ ಏಂಜಲಿಸಿನಲ್ಲಿ ಹುಟ್ಟಿತು. ಬೀದಿಯ ಪೋಕರಿಗಳೆಂದು ಪೊಲೀಸರು ಅಟ್ಟುತ್ತಿದ್ದ ಹುಡುಗರ ಕೈಕೆಲಸ ಕೆಲವೇ ವರ್ಷಗಳಲ್ಲಿ ಒಂದು ಕಲೆಯೆನಿಸಿಕೊಂಡಿತು.

ಅಂಥದೊಂದು ಪತ್ರಿಕೆಯ ಹಳೆಯ ಸಂಚಿಕೆ, ಯಾರ ಕೈಯಿಂದಲೋ, ನನ್ನ ಮಾವನಿಗೆ ಸಿಕ್ಕಿತು. ಅದರ ಬಣ್ಣದ ಪುಟದಲ್ಲಿ 1930ರ ದಶಕದ ಫೋರ್ಡೊಂದು ಮಡ್‌ಗಾರ್ಡಿಲ್ಲದೆ, ನೆಲಕ್ಕೆ ತಗ್ಗಿ, ಕೆಂಪಗೆ ನಿಂತಿತ್ತು. ನಮ್ಮ ಕೊಟ್ಟಿಗೆಯಲ್ಲಿರುವುದೂ ಇದೇ ಅಲ್ಲವೇ ಎಂದು ಅವರಿಗೆ ಹೊಳೆಯಿತು. ಹೊಳೆದರೆ ಸಾಲದು, ಕೈಯಲ್ಲಿ ಕಾಸೂ ಬೇಕು. ಆ ಕಾಸು ಬಂದದ್ದು ಬ್ರೆಜಿಲಿನ ಹಿಮದಿಂದ.

ಕಾಫಿ ಬೆಳೆಯದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕು. 1942ರ ಕಾಫಿ ಕಾಯಿದೆಯ ಮೇರೆಗೆ ಬೆಳೆಗಾರ ತನ್ನ ಬೆಳೆಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಹಣ ಕಂತುಗಳಲ್ಲಿ ಬರುತ್ತಿತ್ತು. ಬೆಳೆಗಾರ ಬೀಳುತ್ತಲೂ ಇರಲಿಲ್ಲ, ಬಹಳ ಏಳುತ್ತಲೂ ಇರಲಿಲ್ಲ. 1990ರ ದಶಕದಲ್ಲಿ ಈ ಕಟ್ಟು ಸಡಿಲಾಗುತ್ತ ಬಂದು, 1996ರಲ್ಲಿ ಪೂರ್ತಿ ಬಿಚ್ಚಿತು. ಅಷ್ಟರಲ್ಲಿ, 1994ರ ಜೂನ್ ಜುಲೈ ತಿಂಗಳುಗಳಲ್ಲಿ, ಬ್ರೆಜಿಲಿನ ತೋಟಗಳ ಮೇಲೆ ಹಿಮ ಬಿದ್ದು ಗಿಡಗಳು ಸುಟ್ಟವು. ಲೋಕದ ಪೇಟೆಯಲ್ಲಿ ಕಾಫಿಯ ಬೆಲೆ ಆ ವರ್ಷದೊಳಗೇ ಇಮ್ಮಡಿಯನ್ನು ಮೀರಿತು. ಅಲ್ಲಿಯ ಬೆಳೆಗಾರನ ಕಣ್ಣೀರು ಇಲ್ಲಿಯ ಬೆಳೆಗಾರನಿಗೆ ಪನ್ನೀರಾಯಿತು. ಸಕಲೇಶಪುರದ ಸುತ್ತ ಹಳೆಯ ಮನೆಗಳಿಗೆ ಹೊಸ ಮಹಡಿ ಎದ್ದದ್ದು, ಅಂಗಳದಲ್ಲಿ ಹೊಸ ಜೀಪು ನಿಂತದ್ದು ಆ ಎರಡು ಮೂರು ವರ್ಷಗಳಲ್ಲೇ.

ಮಾವ ಹೊಸ ಜೀಪು ಕೊಳ್ಳಲಿಲ್ಲ. 1995ರಲ್ಲಿ ಕೊಟ್ಟಿಗೆಯ ಬಾಗಿಲು ತೆಗೆಸಿದರು. ಹಾಸನದಿಂದ ಒಬ್ಬ ಮೇಸ್ತ್ರಿ ವಾರಕ್ಕೆರಡು ದಿನ ಬಸ್ಸಿನಲ್ಲಿ ಬಂದು ಕೆಲಸ ಮಾಡಿದ. ವಿ-8 ಎಂಜಿನ್ನಿಗೆ ಭಾಗ ಸಿಗದು, ಪೆಟ್ರೋಲನ್ನೂ ನೀರಿನಂತೆ ಕುಡಿಯುತ್ತದೆ. ಆದ್ದರಿಂದ ಮೆಟಾಡೋರಿನ ಡೀಸೆಲ್ ಎಂಜಿನ್ನು ಕೂರಿಸುವುದೆಂದು ತೀರ್ಮಾನವಾಯಿತು. ಆ ಕಾಲದಲ್ಲಿ ಅಂಬಾಸಿಡರಿಗೂ ಜೀಪಿಗೂ ಗ್ಯಾರೇಜಿನವರು ಅದನ್ನೇ ಹಾಕುತ್ತಿದ್ದರು. ಅಮೆರಿಕದ ಹುಡುಗ ವೇಗಕ್ಕಾಗಿ ಎಂಜಿನ್ನು ಬದಲಿಸಿದರೆ ಬೆಳಗೋಡಿನ ಬೆಳೆಗಾರ ಮೈಲೇಜಿಗಾಗಿ ಬದಲಿಸಿದ! ಹೊಸ ಎಂಜಿನ್ನು ಹಿಡಿಸದೆ ಚಾಸಿಯ ಒಂದು ಅಡ್ಡಪಟ್ಟಿಯನ್ನು ಕೊಯ್ಯಬೇಕಾಯಿತು. ಕೊಯ್ಯುವ ದಿನ ಅಜ್ಜಿ ಕೊಟ್ಟಿಗೆಯ ಕಡೆ ಬರಲಿಲ್ಲವೆಂದು ಕೇಳಿದ್ದೇನೆ.

ಕೆಲಸ ಅರ್ಧಕ್ಕೆ ಬಂದಾಗ ಗಾಳಿ ತಿರುಗಿತು. ದೇಶದೇಶಗಳ ನಡುವೆ ಕಾಫಿಯ ರಫ್ತನ್ನು ಹಂಚುತ್ತಿದ್ದ ಒಪ್ಪಂದದ ಕೋಟಾ 1989ರಲ್ಲೇ ಮುರಿದುಬಿದ್ದಿತ್ತು. ವಿಯೆಟ್ನಾಮಿನ ರೊಬಸ್ಟಾ ಪೇಟೆಗೆ ಹೊಳೆಯಾಗಿ ಹರಿದು ಬಂತು. 2001-02ರ ಹೊತ್ತಿಗೆ ಬೆಲೆ ಹಲವು ದಶಕಗಳಲ್ಲಿ ಕಾಣದಷ್ಟು ಕೆಳಕ್ಕೆ ಇಳಿಯಿತು. ಹಣ್ಣು ಕೊಯ್ಯುವ ಕೂಲಿಯೂ ಹುಟ್ಟದ ವರ್ಷಗಳವು. ಈಗ ಪೂಲು ಇರಲಿಲ್ಲ. ಏಳುವ ಸ್ವಾತಂತ್ರ್ಯ ಕೊಟ್ಟವರು ಬೀಳುವ ಸ್ವಾತಂತ್ರ್ಯವನ್ನೂ ಕೊಟ್ಟಿದ್ದರು. ಮೇಸ್ತ್ರಿಗೆ ಬಾಕಿ ಚುಕ್ತಾ ಮಾಡಿ ಮಾವ ಬಾಗಿಲಿಗೆ ಚಿಲಕ ಹಾಕಿದರು. ಬೆಲೆ ಚೇತರಿಸಿದ ಮೇಲೆ ಮಕ್ಕಳ ಓದು, ಮದುವೆ, ಬೋರರ್ ಹುಳು ತಿಂದ ಅರೇಬಿಕಾ ಕಿತ್ತು ಮರುನಾಟಿ, ಒಂದರ ಮೇಲೊಂದು ಬಂದವು. ಕಾರಿನ ಸರದಿ ಬರಲೇ ಇಲ್ಲ.

ಇಷ್ಟು ತಿಳಿದ ಮೇಲೆ ನಾನು ಒಕ್ಕಣೆ ಬರೆದೆ. ಚೆನ್ನಾಗಿಯೇ ಬರೆದೆನೆಂದುಕೊಂಡೆ: ದೊರೆಗಳ ಕಾಲ, ಘಟ್ಟದ ಹಾದಿ, ಎಂಟು ಸಿಲಿಂಡರಿನ ಗಾಂಭೀರ್ಯ. ಮಾವ ಕನ್ನಡಕ ಏರಿಸಿ ಎರಡು ಸಲ ಓದಿದರು.

"ಚೆನ್ನಾಗಿದೆ. ಆದ್ರೆ ಚಾಸಿ ಕೊಯ್ದಿದ್ದು ಬರೆದಿಲ್ಲವಲ್ಲ?" ಎಂದರು.

ನಾನು ಬರೆಯದೆ ಬಿಟ್ಟದ್ದಕ್ಕೆ ಕಾರಣವಿತ್ತು. ಹಿಂದಿನ ವಾರ ಒಬ್ಬ ದಲ್ಲಾಳಿ ಬಂದು ನೋಡಿ ಹೋಗಿದ್ದ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆ ಪ್ರತ್ಯೇಕ ನಿಯಮ ಮಾಡಿದೆ. ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿದ ಸ್ವಂತ ಬಳಕೆಯ ವಾಹನವನ್ನು 20,000 ರೂಪಾಯಿ ಕಟ್ಟಿ 'ವಿಂಟೇಜ್' ಎಂದು ನೋಂದಾಯಿಸಬಹುದು. ಹತ್ತು ವರ್ಷ ನಡೆಯುತ್ತದೆ. ಆದರೆ ಅದು ಮೂಲರೂಪದಲ್ಲಿಯೇ ಇರಬೇಕು. ಚಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಟು ಆಗಿರಕೂಡದು. ಇತ್ತ ಹಾಟ್ ರಾಡ್ ಆಗಿ ಮುಗಿಸೋಣವೆಂದರೆ, ತಯಾರಕರು ಕೊಟ್ಟ ರೂಪವನ್ನು ಬದಲಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ಅಂತೂ ಅಮೆರಿಕದಲ್ಲಿ ಕಲೆಯೆನಿಸಿದ್ದು ನಮ್ಮ ರಸ್ತೆಯಲ್ಲಿ ತಪ್ಪು. ದಲ್ಲಾಳಿಯ ಉಪಾಯ ಸರಳವಾಗಿತ್ತು. ಕೊಯ್ದ ಕಡೆ ಒಂದು ತಗಡು ಇಟ್ಟು ವೆಲ್ಡಿಂಗ್ ಮಾಡಿ, ಕಪ್ಪು ಬಣ್ಣ ಬಳಿದು, ಹಳೆಯ ಎಂಜಿನ್ನನ್ನು ಎತ್ತಿ ಕೂರಿಸಿಬಿಡುವುದು. "ಯಾರು ಕೆಳಗೆ ಮಲಗಿ ನೋಡ್ತಾರೆ ಸಾರ್?" ಎಂದಿದ್ದ. ಹಾಗೆ ಮಾಡಿದರೆ ಸಿಗುವ ಬೆಲೆಯನ್ನೂ ಹೇಳಿದ್ದ. ಅದು ಸಣ್ಣ ಮೊತ್ತವಾಗಿರಲಿಲ್ಲ. ಮಾವನ ಮಂಡಿಯ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗುತ್ತಿರುವುದನ್ನು ಬಲ್ಲ ನಾನು, ಸುಳ್ಳು ಬರೆಯದೆ, ನಿಜವನ್ನೂ ಬರೆಯದೆ, ನಡುವೆ ಜಾರಿಕೊಂಡಿದ್ದೆ. ಮಕ್ಕಳಿಗೆ ಭಾಷೆ ಕಲಿಸುವವನಿಗೆ ಆ ಜಾರುವಿಕೆ ಬಹಳ ಸುಲಭವೆಂಬುದು ಆ ಸಂಜೆ ನನಗೆ ಅರಿವಾಯಿತು, ನಾಚಿಕೆಯೂ ಆಯಿತು.

ಮಾವ ಬೈಯಲಿಲ್ಲ. "ಕೊಯ್ಸಿದ್ದು ನಾನು. ಕೊಳ್ಳೋನು ಘಟ್ಟದಲ್ಲಿ ಇಳಿಸ್ತಾನೆ. ಅದರ ಬ್ರೇಕು ಮೊದಲೇ ಕಂಬಿ ಬ್ರೇಕು," ಎಂದಷ್ಟೇ ಹೇಳಿ ಎದ್ದು ಹೋದರು. ಫೋರ್ಡ್ ಕಾರುಗಳಿಗೆ ಎಣ್ಣೆಯ ಒತ್ತಡದ ಬ್ರೇಕು ಬಂದದ್ದು 1939ರ ಮಾದರಿಯಿಂದ. ಅದಕ್ಕೆ ಹಿಂದಿನವೆಲ್ಲ ಕಂಬಿಯೆಳೆತದವು. ಇತಿಹಾಸವನ್ನು ಓದಿ ತಿಳಿದವನು ನಾನು, ಆ ಕಂಬಿಯನ್ನು ಕೈಯಾರೆ ಬಿಗಿದವರು ಅವರು.

ಮರುದಿನ ಬರೆದ ಒಕ್ಕಣೆ ಇದು: 'ಮಾರಾಟಕ್ಕಿದೆ. 1936ರ ಫೋರ್ಡ್ ವಿ-8 ಸಲೂನ್ ಕಾರು. ಓಡುವ ಸ್ಥಿತಿಯಲ್ಲಿಲ್ಲ. ಡೀಸೆಲ್ ಎಂಜಿನ್ನಿಗಾಗಿ ಚಾಸಿಯ ಒಂದು ಅಡ್ಡಪಟ್ಟಿ ಕೊಯ್ದಿದೆ. ಕೆಲಸ ಅರ್ಧಕ್ಕೆ ನಿಂತಿದೆ. ಮೂಲ ಎಂಜಿನ್ನು, ಮಡ್‌ಗಾರ್ಡುಗಳು, ಅಜ್ಜನ ಹೆಸರಿನ ಆರ್.ಸಿ. ಪುಸ್ತಕ ಇವೆ. ಕೊಟ್ಟಿಗೆಯಲ್ಲೇ ನೋಡಬಹುದು.'

ಮೂವರು ಬಂದರು. ಒಬ್ಬ ಗುಜರಿಯವನು, ಕಿಲೋ ಲೆಕ್ಕ ಹೇಳಿದ. ಒಬ್ಬರಿಗೆ ಆರ್.ಸಿ. ಪುಸ್ತಕ ಒಂದೇ ಬೇಕಾಗಿತ್ತು. ಬೇರೊಂದು ಕಾರಿಗೆ ಅದನ್ನು ತೊಡಿಸುವ ಯೋಚನೆಯಿರಬೇಕು, ಮಾವ ಕಾಫಿ ಕೊಟ್ಟು ಕಳಿಸಿದರು. ಮೂರನೆಯವನು ಹಾಸನದ ಕಡೆಯ ಇನ್ನೂ ಮೂವತ್ತಾಗದ ಹುಡುಗ, ಟಿಂಕರಿಂಗ್ ಕೆಲಸದವನು. ಬಂದವನೇ ಚಾಪೆ ಕೇಳಿ ಇಸಿದುಕೊಂಡು ಕಾರಿನ ಕೆಳಗೆ ಮಲಗಿದ. ಬಹಳ ಹೊತ್ತಿನ ಮೇಲೆ ಹೊರಗೆ ಬಂದು, ತುಕ್ಕು ಕೊಡವಿಕೊಳ್ಳುತ್ತ, "ಯಜಮಾನ್ರೇ, ಕೊಯ್ದ ತುಂಡು ಇದೆಯಾ?" ಎಂದು ಕೇಳಿದ.

ಮಾವ ಒಳಗೆ ಹೋದರು. ಹಳೆಯ ಎಂಜಿನ್ನಿನ ಮೇಲಿನ ಗೋಣಿಚೀಲ ಸರಿಸಿ, ಅದರ ಅಡಿಯಿಂದ, ಗ್ರೀಸು ಸವರಿ ಕಾಗದ ಸುತ್ತಿಟ್ಟಿದ್ದ ಕಬ್ಬಿಣದ ತುಂಡೊಂದನ್ನು ತಂದು ಅವನ ಕೈಯಲ್ಲಿಟ್ಟರು. ಮೂವತ್ತು ವರ್ಷ ಅವರು ಅದನ್ನು ಇಟ್ಟುಕೊಂಡಿದ್ದ ಸಂಗತಿ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹುಡುಗ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಮೊದಲಿನ ಹಾಗೆ ಕೂಡಿಸಬಹುದೆಂದ. ವಿ-8 ಎಂಜಿನ್ನನ್ನೇ ಮತ್ತೆ ಏರಿಸುತ್ತೇನೆ, ಅದಕ್ಕೆ ಎರಡು ವರ್ಷವಾದರೂ ಬೇಕೆಂದ. ಮಾಡಿದ್ದನ್ನೆಲ್ಲ ಮುಚ್ಚಿಡದೆ ಆರ್.ಟಿ.ಒ. ಕಚೇರಿಗೆ ತೋರಿಸುತ್ತೇನೆ, ಒಪ್ಪಿದರೆ ಒಪ್ಪಲಿ ಎಂದ. ಬೆಲೆ, ದಲ್ಲಾಳಿ ಹೇಳಿದ್ದರ ಅರ್ಧಕ್ಕೂ ಬರಲಿಲ್ಲ. ಮಾವ ಒಪ್ಪಿದರು.

ಲಾರಿ ಬಂದದ್ದು ಒಂದು ಭಾನುವಾರ. ತೋಟದ ಆಳುಗಳೆಲ್ಲ ಸೇರಿ ತಳ್ಳಿ ಹಲಗೆಯ ಮೇಲೆ ಹತ್ತಿಸಿದರು. ಲಾರಿ ಹೊರಡುವ ಮುನ್ನ ಮಾವ ಬಚ್ಚಲಿನಿಂದ ಆ ತಾಮ್ರದ ಕೊಡವನ್ನು ತರಿಸಿ ಹುಡುಗನಿಗೆ ಕೊಟ್ಟು, "ಘಟ್ಟ ಹತ್ತೋವಾಗ ಬೇಕಾಗುತ್ತೆ," ಎಂದರು. ಕೊಟ್ಟಿಗೆಯಲ್ಲಿ ಈಗ ಮೆಣಸಿನ ಮೂಟೆಗಳಿವೆ.